ಮನೆಗೆ ಕರ್ಕೊಂಡು ಹೋಗೋರು ಯಾರು? ನಿಮ್ಹಾನ್ಸ್‌ ಗೋಡೆ ದಾಟಿದ ಸಮಾಜಕಾರ್ಯದ ಕಥೆ

ಗೆಳೆಯರ ಗುಂಪಲ್ಲಿ ಯಾರಾದ್ರೂ ಸ್ವಲ್ಪ ವಿಚಿತ್ರವಾಗಿ ಆಡಿದ್ರೆ 'ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ರಪ್ಪಾ' ಅನ್ನೋ ತಮಾಷೆ ಬೆಂಗಳೂರಲ್ಲಿ ಹಳೇದು. ಜಯನಗರದಿಂದ ಡೈರಿ ಸರ್ಕಲ್ ಕಡೆ ಬಸ್ಸಲ್ಲಿ ಹೋಗೋರಿಗೆ ಆ ಕಾಂಪೌಂಡು ಪರಿಚಯವೇ. ಒಳಗೆ ಡಾಕ್ಟರು, ನರ್ಸು ಇರ್ತಾರೆ ಅಂತ ಎಲ್ಲರಿಗೂ ಗೊತ್ತು. ಅವರ ಜೊತೆಗೆ, ಎಂಎಸ್‌ಡಬ್ಲ್ಯೂ ಮುಗಿಸಿ ಅದರ ಮೇಲೆ ಇನ್ನೂ ಎರಡು ವರ್ಷ ಎಂ.ಫಿಲ್ ಓದಿದವರೂ ಅಲ್ಲಿ ಕೆಲಸ ಮಾಡ್ತಾರೆ. ಅವರೇ ಮನೋವೈದ್ಯಕೀಯ ಸಮಾಜಕಾರ್ಯಕರ್ತರು. ಆಸ್ಪತ್ರೆಗೆ ಇಂಥವರು ಯಾಕೆ ಬೇಕಾದ್ರು? ಇವತ್ತಿನ ಕಂತು ಅದರ ಬಗ್ಗೆ.

ಮೊದಲು ಜಾಗ ನೋಡೋಣ. 19ನೇ ಶತಮಾನದ ಬೆಂಗಳೂರಲ್ಲಿ ಇದ್ದದ್ದು 'ಲುನಾಟಿಕ್ ಅಸೈಲಮ್'. 1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆ ಅಂತ ಬದಲಾಯಿತು. 1930ರ ದಶಕದಲ್ಲಿ ಅದು ಈಗಿರೋ ಜಾಗಕ್ಕೆ ಬಂತು. ಆಗಿನ್ನೂ ಜಯನಗರವೇ ಇರಲಿಲ್ಲ. ಅದಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಇವತ್ತಿನ ಬಿಟಿಎಂ ಅಂದ್ರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಆಗ ಹಳ್ಳಿಗಳು. ಅಂದ್ರೆ ಆಸ್ಪತ್ರೆ ಊರಾಚೆ ಇತ್ತು. ಮನೆಯವರು ರೋಗಿಯನ್ನ ಬಿಟ್ಟು ಹೋದರೆ, ಎಷ್ಟೋ ಸಲ ವಾಪಸ್ ಬರುತ್ತಿರಲಿಲ್ಲ. ರೋಗ ಹತೋಟಿಗೆ ಬಂದರೂ ಮನುಷ್ಯ ವಾರ್ಡಿನಲ್ಲೇ ಉಳಿಯುತ್ತಿದ್ದ. ಅವನಿಲ್ಲದೆ ಬದುಕೋದು ಮನೆಗೆ ಅಷ್ಟರಲ್ಲಿ ಅಭ್ಯಾಸವಾಗಿರುತ್ತಿತ್ತು.

ಇದಕ್ಕೊಂದು ದಾರಿ ಕಂಡದ್ದು ದೂರದ ಅಮೃತಸರದಲ್ಲಿ. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿದ್ದ ಡಾ. ವಿದ್ಯಾಸಾಗರ್, ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಜೊತೆಗಿದ್ದ ಅಮ್ಮನಿಗೋ ಅಣ್ಣನಿಗೋ ಕಾಯಿಲೆಯ ಭಯ ಕಡಿಮೆಯಾಯಿತು, ರೋಗಿಗೆ ಮನೆ ದಾರಿ ತೆರೆಯಿತು. ಕುಟುಂಬವನ್ನೂ ಚಿಕಿತ್ಸೆಯೊಳಗೆ ತರುವ ಈ ಯೋಚನೆ ಮುಂದೆ ವೆಲ್ಲೂರು, ಬೆಂಗಳೂರುಗಳಲ್ಲೂ ಬೇರೂರಿತು.

ಆದರೆ ಕುಟುಂಬದ ಜೊತೆ ಕೂತು ಮಾತಾಡೋಕೆ ತರಬೇತಿ ಬೇಕಲ್ವಾ? ನಮ್ಮ ದೇಶದ ಮೊದಲ ಸಮಾಜಕಾರ್ಯ ಶಾಲೆ ಶುರುವಾದದ್ದು 1936ರಲ್ಲಿ, ಮುಂಬೈನಲ್ಲಿ. ಇವತ್ತಿನ 'ಟಿಸ್' ಅದೇ. ಕರ್ನಾಟಕದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಬಂತು. ಬೆಂಗಳೂರಿನ ಆಸ್ಪತ್ರೆಯ ಪಕ್ಕದಲ್ಲೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿತ್ತು. 1960ರ ದಶಕದ ಕೊನೆಗೆ ಅಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ಕೋರ್ಸೂ ಶುರುವಾಯಿತು. 1974ರಲ್ಲಿ ಆ ಸಂಸ್ಥೆ, ಆಸ್ಪತ್ರೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಈ ಓದಿನಲ್ಲಿ ಕಲಿಯೋದೇನು? ಒಂದೇ ಕಾಯಿಲೆ, ಒಂದೇ ಮಾತ್ರೆ ಅಂತಿಟ್ಟುಕೊಳ್ಳಿ. ಒಬ್ಬರು ಜಯನಗರದಲ್ಲಿ ಸ್ವಂತ ಮನೆ ಇರೋ ನಿವೃತ್ತ ನೌಕರರು. ಇನ್ನೊಬ್ಬರು ರಾಯಚೂರಿಂದ ಬಂದು ಜೆ.ಪಿ. ನಗರದ ಕಟ್ಟಡದ ಪಕ್ಕ ಶೆಡ್ಡಲ್ಲಿರೋ ಕೂಲಿಕಾರ. ಮತ್ತೊಬ್ಬಳು ಬಿಟಿಎಂ ಪಿಜಿಯಲ್ಲಿರೋ ಮಣಿಪುರದ ಹುಡುಗಿ. ಮಾತ್ರೆ ತಂದುಕೊಡೋರು ಯಾರು? ಕೆಲಸ ಹೋದ್ರೆ ಊಟಕ್ಕೇನು? ಡಾಕ್ಟರು ಹೇಳಿದ್ದು ಅವರ ಭಾಷೆಯಲ್ಲಿ ಅರ್ಥ ಆಯ್ತಾ? ಆಸ್ಪತ್ರೆಗೆ ಮೊದಲು ಅವರು ಹೋದದ್ದು ದೇವಸ್ಥಾನಕ್ಕಾ, ದರ್ಗಾಕ್ಕಾ? ಕೇಸ್ ಫೈಲಿನಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಇಲ್ಲದಿದ್ರೆ ಒಳ್ಳೆ ಚಿಕಿತ್ಸೆಯೂ ಮನೆ ಬಾಗಿಲಲ್ಲಿ ನಿಂತುಬಿಡುತ್ತೆ. 'ವೈವಿಧ್ಯ' ಅನ್ನೋ ಪಠ್ಯಪುಸ್ತಕದ ಪದ ನೆಲಕ್ಕಿಳಿಯೋದು ಇಲ್ಲಿ.

ಇದಕ್ಕೆ ಕರಾವಳಿಯ ಒಂದು ಉದಾಹರಣೆ ಇದೆ. ಮನೋವೈದ್ಯ ಡಾ. ಆರ್.ಎಲ್. ಕಪೂರ್, ಮೋರಿಸ್ ಕಾರ್ಸ್ಟೇರ್ಸ್ ಜೊತೆ ಸೇರಿ ಉಡುಪಿ ಹತ್ತಿರದ ಕೋಟದಲ್ಲಿ ಅಧ್ಯಯನ ಮಾಡಿದರು. ಬ್ರಾಹ್ಮಣರು, ಬಂಟರು, ಮೊಗವೀರರು: ಒಂದೇ ಊರು, ಮೂರು ಬದುಕು. ಕಷ್ಟ ಬಂದಾಗ ಜನ ವೈದ್ಯರ ಹತ್ತಿರ ಹೋಗುತ್ತಿದ್ದರು, ಮಂತ್ರವಾದಿಯ ಹತ್ತಿರವೂ ಹೋಗುತ್ತಿದ್ದರು, ಪಾತ್ರಿಯ ಮುಂದೆಯೂ ನಿಲ್ಲುತ್ತಿದ್ದರು. ಈ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಆ ಹೊತ್ತಿಗೆ ಕಪೂರ್ ನಿಮ್ಹಾನ್ಸ್‌ನಲ್ಲಿದ್ದರು. ಅವರ ಮುಂದಾಳತ್ವದಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಗಿತ್ತು. ಬನ್ನೇರುಘಟ್ಟ ರಸ್ತೆಯ ಸಕಲವಾರದಲ್ಲಿ ಹಳ್ಳಿಗರಿಗಾಗಿ ಕೇಂದ್ರವೂ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಕಾರ್ಯಕರ್ತರಿಗೇ ತರಬೇತಿ ಕೊಟ್ಟರೆ ಊರಲ್ಲೇ ಆರೈಕೆ ಸಿಗುತ್ತೆ ಅನ್ನೋದು ಲೆಕ್ಕಾಚಾರ. 1985ರಲ್ಲಿ ಇದನ್ನ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯತ್ನಿಸಿದರು. 1996ರಲ್ಲಿ ಶುರುವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ 'ಬಳ್ಳಾರಿ ಮಾದರಿ'ಯೇ ಬುನಾದಿ.

ಕೊನೆಗೆ ಕಾನೂನೂ ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಜಾತಿ, ಧರ್ಮ, ಸಂಸ್ಕೃತಿ, ವರ್ಗ, ಲಿಂಗ, ಲೈಂಗಿಕ ಒಲವು ಯಾವುದರ ಮೇಲೂ ರೋಗಿಗೆ ತಾರತಮ್ಯ ಮಾಡೋ ಹಾಗಿಲ್ಲ. ಮಾಹಿತಿಯನ್ನ ಅವರಿಗೆ ಅರ್ಥವಾಗೋ ಭಾಷೆಯಲ್ಲೇ ಕೊಡಬೇಕು. ಮನೆಯಿಲ್ಲ, ಮನೆಯವರು ಒಪ್ಪುತ್ತಿಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಸಮುದಾಯದಲ್ಲಿ ಬದುಕೋದು ಹಕ್ಕು.

ಆದರೆ ಸಮುದಾಯ ಅಂದ್ರೆ ಯಾರು? ಬನಶಂಕರಿಯಲ್ಲಿ ಬಾಡಿಗೆಗೆ ಮನೆ ಕೊಡೋ ಓನರ್ರು, ರಜೆ ಮುಗಿಸಿ ಬಂದವರನ್ನ ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳೋ ಮ್ಯಾನೇಜರು, ಪಿಜಿಯಲ್ಲಿ ಪಕ್ಕದ ಮಂಚದಲ್ಲಿ ಮಲಗೋ ನಾವು. ಸಮಾಜಕಾರ್ಯಕರ್ತರು ಒಬ್ಬರನ್ನ ಗೇಟಿನವರೆಗೆ, ಮನೆಯವರೆಗೂ ಕರ್ಕೊಂಡು ಬರಬಹುದು. ಬಾಗಿಲು ತೆಗೆಯೋ ಕೆಲಸ ಮಾತ್ರ ಒಳಗಿರೋರದ್ದು. 'ನಿಮ್ಹಾನ್ಸ್‌ಗೆ ಸೇರಿಸ್ರಪ್ಪಾ' ಅಂತ ಯಾರಾದ್ರೂ ನಕ್ಕಾಗ, ಪಕ್ಕದಲ್ಲಿ ನಗದೇ ಕೂತಿರೋರೂ ಒಬ್ಬರಿರಬಹುದು. ಚಿಕಿತ್ಸೆಗೆ ಹೋಗಲೋ ಬೇಡವೋ ಅಂತ ಅವರು ಅದೇ ವಾರ ಯೋಚಿಸುತ್ತಿರಬಹುದು.

ಮುಂದಿನ ಕಂತಿನಲ್ಲಿ ಸಿಗೋಣ.