ಮುಟ್ಟಿ ಅರಿತದ್ದು, ನೋಡಿ ಅರಿತದ್ದು: ಮೊಲಿನ್ಯೂ ಪ್ರಶ್ನೆಯ ಚರಿತ್ರೆ

ಕಣ್ಣಿಗೆ ಕಾಣುವ ವಸ್ತುವೂ ಕೈಗೆ ಸಿಗುವ ವಸ್ತುವೂ ಒಂದೇ ಎಂಬ ನಂಬಿಕೆಯ ಮೇಲೆ ಮನುಷ್ಯನ ದಿನನಿತ್ಯದ ವ್ಯವಹಾರವೆಲ್ಲ ನಿಂತಿದೆ. ಆದರೆ ಕಣ್ಣಿಗೆ ಒದಗುವುದು ಬೆಳಕು ಮತ್ತು ಬಣ್ಣ. ಚರ್ಮಕ್ಕೆ ಒದಗುವುದು ಒತ್ತಡ, ಬಿಸುಪು, ನುಣುಪು, ಒರಟುತನ. ಇಷ್ಟು ಬೇರೆಬೇರೆಯಾದ ಎರಡು ಬಗೆಯ ಸಂವೇದನೆಗಳಿಂದ, ಅಂದರೆ ಇಂದ್ರಿಯಕ್ಕೆ ವಿಷಯವು ತಾಗಿದಾಗ ಉಂಟಾಗುವ ಮೊದಲ ಅರಿವುಗಳಿಂದ, ಒಂದೇ ವಸ್ತುವಿನ ಜ್ಞಾನ ಹೇಗೆ ಮೂಡುತ್ತದೆ ಎಂಬುದು ಜ್ಞಾನಮೀಮಾಂಸೆಯ ಹಳೆಯ ಸಮಸ್ಯೆಗಳಲ್ಲಿ ಒಂದು. 1688ರಲ್ಲಿ ಐರ್ಲೆಂಡಿನ ವಿದ್ವಾಂಸನೊಬ್ಬನು ಈ ಸಮಸ್ಯೆಗೆ ಒಂದು ಪ್ರಯೋಗದ ರೂಪ ಕೊಟ್ಟನು. ಅಲ್ಲಿಂದ ಮುಂದೆ ಅದು ತತ್ತ್ವಶಾಸ್ತ್ರದಿಂದ ನೇತ್ರಚಿಕಿತ್ಸೆಗೂ, ಅಲ್ಲಿಂದ ಮನೋವಿಜ್ಞಾನ ಮತ್ತು ನರವಿಜ್ಞಾನಗಳಿಗೂ ಸಾಗಿಬಂದಿತು. ‘ಹೌದು’ ಮತ್ತು ‘ಇಲ್ಲ’ ಎಂಬ ಎರಡು ಉತ್ತರಗಳ ನಡುವಿನ ವಾದವಾಗಿ ಆರಂಭವಾದ ಈ ಪ್ರಶ್ನೆಯು, ಇಂದ್ರಿಯಗಳ ನಡುವಿನ ಹೊಂದಾಣಿಕೆ ಎಷ್ಟು ಬೇಗ ಮತ್ತು ಯಾವ ಪೂರ್ವಸಿದ್ಧತೆಯ ಬಲದಿಂದ ಕೂಡಿಬರುತ್ತದೆ ಎಂಬ ವಿಚಾರಣೆಯಾಗಿ ಮಾರ್ಪಟ್ಟಿತೆಂದು ತೋರಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ: ಎರಡು ಇಂದ್ರಿಯ, ಒಂದು ವಸ್ತು

ಸಮಸ್ಯೆಯ ಬೇರುಗಳು ಯುರೋಪಿಗೆ ಮಾತ್ರ ಸೀಮಿತವಲ್ಲ. ಗೌತಮನ ನ್ಯಾಯಸೂತ್ರದ ಮೂರನೆಯ ಅಧ್ಯಾಯವು ಆರಂಭವಾಗುವುದೇ ನೋಟ ಮತ್ತು ಸ್ಪರ್ಶಗಳೆರಡರಿಂದಲೂ ಒಂದೇ ವಸ್ತುವಿನ ಗ್ರಹಣವಾಗುತ್ತದೆ ಎಂಬ ಹೇತುವಿನಿಂದ. ಕಣ್ಣು ಸ್ಪರ್ಶವನ್ನು ಅರಿಯದು, ಚರ್ಮವು ರೂಪವನ್ನು ಅರಿಯದು. ಹೀಗಿರುವಾಗ ಹಿಂದೆ ನೋಡಿದ ವಸ್ತುವನ್ನೇ ಈಗ ಮುಟ್ಟುತ್ತಿರುವೆನೆಂಬ ಅರಿವು ಯಾವುದೇ ಒಂದು ಇಂದ್ರಿಯಕ್ಕೆ ಸೇರಲಾರದಾದ್ದರಿಂದ, ಎರಡರ ವರದಿಯನ್ನೂ ಕೂಡಿಸಿಕೊಳ್ಳಬಲ್ಲ, ಇಂದ್ರಿಯಗಳಿಗಿಂತ ಬೇರೆಯಾದ ಆತ್ಮವನ್ನು ಒಪ್ಪಬೇಕೆಂದು ನೈಯಾಯಿಕರು ವಾದಿಸಿದರು. ಹುಳಿಹಣ್ಣನ್ನು ಕಂಡೊಡನೆ ನಾಲಿಗೆಯಲ್ಲಿ ನೀರೂರುವುದನ್ನು, ಅಂದರೆ ಒಂದು ಇಂದ್ರಿಯದ ಅನುಭವದಿಂದ ಮತ್ತೊಂದು ಇಂದ್ರಿಯದಲ್ಲಿ ವಿಕಾರವುಂಟಾಗುವುದನ್ನು, ಅದೇ ಅಧ್ಯಾಯವು ಇನ್ನೊಂದು ಆಧಾರವಾಗಿ ಮುಂದಿಡುತ್ತದೆ. ಬಣ್ಣ ಕಣ್ಣಿಗೆ ಮಾತ್ರ, ರುಚಿ ನಾಲಿಗೆಗೆ ಮಾತ್ರ ಗೋಚರ. ಸಂಖ್ಯೆ, ಪರಿಮಾಣ ಮುಂತಾದವು ಮಾತ್ರ ಕಣ್ಣು ಮತ್ತು ಚರ್ಮ ಎರಡಕ್ಕೂ ಗೋಚರ ಎಂಬ ವಿಂಗಡಣೆಯೂ ನ್ಯಾಯ-ವೈಶೇಷಿಕ ಪರಂಪರೆಯಲ್ಲಿದೆ. ದಿಙ್ನಾಗನನ್ನು ಅನುಸರಿಸಿದ ಬೌದ್ಧ ತಾರ್ಕಿಕರು ಇದನ್ನು ಒಪ್ಪಲಿಲ್ಲ. ಪ್ರತ್ಯಕ್ಷವು ಕಲ್ಪನೆಯ ಬೆರಕೆಯಿಲ್ಲದ ಅರಿವು. ಪ್ರತಿ ಇಂದ್ರಿಯವೂ ತನ್ನ ವಿಷಯವನ್ನಷ್ಟೇ ಗ್ರಹಿಸುತ್ತದೆ. ಎರಡನ್ನೂ ಸೇರಿಸಿ ‘ಒಂದು ವಸ್ತು’ ಎನ್ನುವುದು ಮನಸ್ಸಿನ ಕಟ್ಟಡವೇ ಹೊರತು ಇಂದ್ರಿಯ ತಂದುಕೊಟ್ಟದ್ದಲ್ಲ ಎಂಬುದು ಅವರ ನಿಲುವು.

ಗ್ರೀಸಿನ ಅರಿಸ್ಟಾಟಲನು ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ನ್ಯಾಯ-ವೈಶೇಷಿಕರದಕ್ಕೆ ಬಹಳ ಹತ್ತಿರವಾದ ವಿಂಗಡಣೆಯನ್ನು ಮಾಡಿದ್ದನು. ಆಕಾರ, ಗಾತ್ರ, ಸಂಖ್ಯೆ, ಚಲನೆ ಮತ್ತು ನಿಶ್ಚಲತೆಗಳು ಅವನ ಪ್ರಕಾರ ಒಂದಕ್ಕಿಂತ ಹೆಚ್ಚು ಇಂದ್ರಿಯಗಳಿಗೆ ಸಾಮಾನ್ಯವಾದ ವಿಷಯಗಳು. ನ್ಯಾಯ ಮತ್ತು ಗ್ರೀಕ್ ಪರಂಪರೆಗಳೆರಡೂ ನೋಡಿದ್ದನ್ನು ಮುಟ್ಟಿ ಗುರುತಿಸುವ ಅನುಭವವನ್ನು ಸಿದ್ಧವಸ್ತುವೆಂದು ಇಟ್ಟುಕೊಂಡು, ಅದಕ್ಕೆ ಆಧಾರವೇನು ಎಂದು ಹುಡುಕಿದವು. ಆ ಅನುಭವವು ಮೊಟ್ಟಮೊದಲ ಕ್ಷಣದಲ್ಲಿಯೇ ಇರುತ್ತದೆಯೇ ಎಂಬುದು ಅವುಗಳ ಮುಖ್ಯ ಪ್ರಶ್ನೆಯಾಗಿರಲಿಲ್ಲ.

ಡಬ್ಲಿನ್ನಿನ ಪತ್ರ

ಆ ಪ್ರಶ್ನೆಯನ್ನು ಎತ್ತಿದವನು ವಿಲಿಯಂ ಮೊಲಿನ್ಯೂ (1656–1698). 1683ರಲ್ಲಿ ಡಬ್ಲಿನ್ ಫಿಲಸಾಫಿಕಲ್ ಸೊಸೈಟಿಯನ್ನು ಸ್ಥಾಪಿಸಿದ ಇವನು ಬೆಳಕು ಮತ್ತು ಮಸೂರಗಳ ಶಾಸ್ತ್ರದಲ್ಲಿ ಪಳಗಿದವನು; ಇವನ ಪತ್ನಿ ಮದುವೆಯಾದ ಸ್ವಲ್ಪ ಕಾಲದಲ್ಲೇ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡಿದ್ದಳು. ಜಾನ್ ಲಾಕನ ಮಾನವ ಬುದ್ಧಿಯನ್ನು ಕುರಿತ ಪ್ರಬಂಧದ ಸಾರಾಂಶವು ಫ್ರೆಂಚ್ ಭಾಷೆಯ ಪತ್ರಿಕೆಯೊಂದರಲ್ಲಿ ಪ್ರಕಟವಾದಾಗ ಅದನ್ನು ಓದಿ, ಜುಲೈ 1688ರಲ್ಲಿ ಆ ಪತ್ರಿಕೆಗೆ ಪತ್ರ ಬರೆದನು. ಉತ್ತರ ಬರಲಿಲ್ಲ. 1693ರಲ್ಲಿ ಅದೇ ಪ್ರಶ್ನೆಯನ್ನು ನೇರವಾಗಿ ಲಾಕನಿಗೆ ಕಳುಹಿಸಿದಾಗ, ಲಾಕನು ಅದನ್ನು ತನ್ನ ಗ್ರಂಥದ 1694ರ ಎರಡನೆಯ ಆವೃತ್ತಿಯಲ್ಲಿ ಸೇರಿಸಿದನು.

ಪ್ರಶ್ನೆ ಇಷ್ಟು: ಹುಟ್ಟಿನಿಂದ ದೃಷ್ಟಿಯಿಲ್ಲದ ಒಬ್ಬ ವ್ಯಕ್ತಿ, ಒಂದೇ ಲೋಹದಿಂದ ಮಾಡಿದ, ಹೆಚ್ಚುಕಡಿಮೆ ಒಂದೇ ಗಾತ್ರದ ಗೋಲವನ್ನೂ ಆರು ಚೌಕಮುಖಗಳುಳ್ಳ ಘನವನ್ನೂ ಮುಟ್ಟಿ ಬೇರ್ಪಡಿಸಲು ಕಲಿತಿದ್ದಾನೆ. ವಯಸ್ಕನಾದ ಮೇಲೆ ಅವನಿಗೆ ದೃಷ್ಟಿ ಬಂದು, ಅವೆರಡನ್ನೂ ಮೇಜಿನ ಮೇಲಿರಿಸಿದರೆ, ಮುಟ್ಟುವ ಮೊದಲೇ ಕೇವಲ ನೋಟದಿಂದ ಯಾವುದು ಗೋಲ, ಯಾವುದು ಘನ ಎಂದು ಅವನು ಹೇಳಬಲ್ಲನೇ? ಹೇಳಲಾರನೆಂದು ಮೊಲಿನ್ಯೂವೂ ಲಾಕನೂ ಒಪ್ಪಿದರು. ಕೈಗೆ ಒತ್ತುವ ಮೂಲೆಯು ಕಣ್ಣಿಗೆ ಹೀಗೆ ಕಾಣುತ್ತದೆಂಬುದನ್ನು ಅವನು ಇನ್ನೂ ಅನುಭವದಿಂದ ಕಲಿತಿಲ್ಲ ಎಂಬುದು ಮೊಲಿನ್ಯೂ ಕೊಟ್ಟ ಕಾರಣ. ಜ್ಞಾನವೆಲ್ಲವೂ ಅನುಭವದಿಂದಲೇ ಬರುತ್ತದೆಂಬ ಅನುಭವವಾದಕ್ಕೆ ಈ ಉತ್ತರವು ಒಳ್ಳೆಯ ಆಸರೆಯಾಯಿತು.

ಜಾರ್ಜ್ ಬರ್ಕ್ಲಿಯು 1709ರ ತನ್ನ ದೃಷ್ಟಿಸಿದ್ಧಾಂತದ ಗ್ರಂಥದಲ್ಲಿ ಇದನ್ನು ಇನ್ನಷ್ಟು ಮುಂದಕ್ಕೆ ಒಯ್ದು, ಕಂಡ ಆಕಾರಕ್ಕೂ ಮುಟ್ಟಿದ ಆಕಾರಕ್ಕೂ ಸಾಮಾನ್ಯವಾದದ್ದು ಏನೂ ಇಲ್ಲವೆಂದೂ, ಪದಕ್ಕೂ ಅರ್ಥಕ್ಕೂ ಇರುವಂತೆ ಅವುಗಳ ನಡುವೆ ಇರುವುದು ಬಳಕೆಯಿಂದ ಬಂದ ಸಂಬಂಧ ಮಾತ್ರವೆಂದೂ ವಾದಿಸಿದನು. ಲೈಬ್ನಿಟ್ಸನ ಉತ್ತರ ಇದಕ್ಕೆ ವಿರುದ್ಧವಾದದ್ದು. ಲಾಕನಿಗೆ ಪ್ರತಿಯಾಗಿ ಅವನು ಬರೆದಿಟ್ಟ, ಅವನ ಮರಣಾನಂತರ 1765ರಲ್ಲಿ ಪ್ರಕಟವಾದ ಗ್ರಂಥದ ಪ್ರಕಾರ, ಎದುರಿಗಿರುವುವು ಗೋಲ ಮತ್ತು ಘನಗಳೇ ಎಂದು ಮೊದಲೇ ತಿಳಿಸಿದರೆ ಆ ವ್ಯಕ್ತಿಯು ವಿವೇಚನೆಯಿಂದ ಅವುಗಳನ್ನು ಗುರುತಿಸಬಲ್ಲನು. ಏಕೆಂದರೆ ಗೋಲದ ಮೈಮೇಲೆ ಒಂದು ಬಿಂದುವಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ, ಘನಕ್ಕಾದರೆ ಎದ್ದುಕಾಣುವ ಎಂಟು ಮೂಲೆಗಳಿವೆ. ಹೀಗೆ ಒಂದೇ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿದ್ದವು: ನೋಡಿದೊಡನೆ ತಾನಾಗಿ ಗುರುತು ಹತ್ತುತ್ತದೆಯೇ ಎಂಬುದು ಒಂದು, ಯೋಚಿಸಿ ಗುರುತು ಹಿಡಿಯಲು ಸಾಧ್ಯವೇ ಎಂಬುದು ಮತ್ತೊಂದು.

ಊಹೆಯಿಂದ ಶಸ್ತ್ರಚಿಕಿತ್ಸೆಗೆ

1728ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಚೆಸೆಲ್ಡನ್‌ನ ವರದಿಯೊಂದು ಪ್ರಕಟವಾಗುವವರೆಗೂ ಇದು ಊಹೆಯ ಮಟ್ಟದಲ್ಲೇ ಇದ್ದಿತು. ಎಳವೆಯಿಂದಲೇ ಕಣ್ಣಿನ ಪೊರೆಯಿದ್ದ, 13–14ರ ವಯಸ್ಸಿನ ಬಾಲಕನ ಮೇಲೆ ಅವನು ಶಸ್ತ್ರಚಿಕಿತ್ಸೆ ನಡೆಸಿದ್ದನು. ಮಬ್ಬಾದ ಮಸೂರವನ್ನು ಸೂಜಿಯಿಂದ ನೋಟದ ದಾರಿಯಿಂದ ಪಕ್ಕಕ್ಕೆ ತಳ್ಳುವ ವಿಧಾನ ಅದು; ಭಾರತದಲ್ಲಿ ಸುಶ್ರುತಸಂಹಿತೆಯೂ ಇಂತಹ ಚಿಕಿತ್ಸೆಯನ್ನು ವರ್ಣಿಸಿದೆ. ಆ ಬಾಲಕನಿಗೆ ಮೊದಮೊದಲು ಕಂಡದ್ದೆಲ್ಲ ಕಣ್ಣಿಗೇ ತಾಗಿದಂತೆ ಅನಿಸಿತೆಂದೂ, ವಸ್ತುಗಳ ಆಕಾರವನ್ನು ನೋಟದಿಂದ ತಿಳಿಯಲು ಅವನಿಗೆ ಆಗಲಿಲ್ಲವೆಂದೂ, ಚಿತ್ರಗಳು ಘನವಸ್ತುಗಳನ್ನು ಸೂಚಿಸುತ್ತವೆಂಬುದು ಹೊಳೆಯಲು ಸುಮಾರು ಎರಡು ತಿಂಗಳು ಬೇಕಾಯಿತೆಂದೂ ವರದಿ ಹೇಳಿತು. ವೊಲ್ತೇರನು 1738ರಲ್ಲಿ ನ್ಯೂಟನ್ನನ ತತ್ತ್ವಗಳನ್ನು ಕುರಿತ ತನ್ನ ಪುಸ್ತಕದಲ್ಲಿ ಈ ಪ್ರಕರಣವನ್ನು ಬರೆದು, ಬರ್ಕ್ಲಿಯ ಮಾತು ಸಾಬೀತಾಯಿತೆಂದು ಸಾರಿದನು.

ಫ್ರಾನ್ಸಿನ ಇತರ ಚಿಂತಕರು ಅಷ್ಟು ಬೇಗ ಒಪ್ಪಲಿಲ್ಲ. ಕೊಂಡಿಯಾಕನು 1746ರಲ್ಲಿ ಲಾಕನ ಉತ್ತರವನ್ನು ವಿರೋಧಿಸಿ, 1754ರ ಗ್ರಂಥದಲ್ಲಿ ತನ್ನ ಅಭಿಪ್ರಾಯವನ್ನೇ ಬದಲಿಸಿದನು. ಒಂದೊಂದಾಗಿ ಇಂದ್ರಿಯಗಳನ್ನು ಪಡೆಯುವ ಪ್ರತಿಮೆಯೊಂದನ್ನು ಕಲ್ಪಿಸಿಕೊಂಡು, ಹೊರಗೊಂದು ಜಗತ್ತಿದೆ ಎಂಬುದನ್ನು ಇತರ ಇಂದ್ರಿಯಗಳಿಗೆ ಕಲಿಸುವುದು ಸ್ಪರ್ಶವೇ ಎಂದು ಅಲ್ಲಿ ಪ್ರತಿಪಾದಿಸಿದನು. ದಿದರೋ 1749ರಲ್ಲಿ ಅಂಧರನ್ನು ಕುರಿತು ಬರೆದ ಪತ್ರರೂಪದ ಪ್ರಬಂಧವು ವಿಧಾನದ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದದ್ದು. ಆಗತಾನೇ ಚಿಕಿತ್ಸೆಯಾದ ಕಣ್ಣು ಕೆಲಸಕ್ಕೆ ಹದಗೊಳ್ಳಲು ಕಾಲಾವಕಾಶ ಬೇಕು. ಉತ್ತರವು ಪರೀಕ್ಷೆಗೆ ಒಳಗಾಗುವವನ ಶಿಕ್ಷಣವನ್ನೂ ಅವಲಂಬಿಸುತ್ತದೆ. ರೇಖಾಗಣಿತ ಬಲ್ಲವನು ವೃತ್ತವನ್ನೂ ಚೌಕವನ್ನೂ ಗುರುತಿಸಬಹುದಾದರೂ ಅಭ್ಯಾಸವಿಲ್ಲದವನು ಗುರುತಿಸಲಾರನು ಎಂದು ಅವನು ತೋರಿಸಿದನು. ಮಂದದೃಷ್ಟಿ, ನೋವು, ಕಣ್ಣು ಕೋರೈಸುವ ಬೆಳಕು, ಪ್ರಶ್ನಿಸುವವರ ನಿರೀಕ್ಷೆ ಇವೆಲ್ಲವೂ ಫಲಿತಾಂಶದಲ್ಲಿ ಬೆರೆಯುತ್ತವೆ ಎಂಬ ಆಕ್ಷೇಪಕ್ಕೆ ಚೆಸೆಲ್ಡನ್‌ನ ವರದಿಯಲ್ಲಿ ಸಮಾಧಾನವಿರಲಿಲ್ಲ.

ಇಪ್ಪತ್ತನೆಯ ಶತಮಾನ: ಮಿದುಳಿನ ಪಾತ್ರ

ಚದುರಿಹೋಗಿದ್ದ ಇಂತಹ ವೈದ್ಯಕೀಯ ವರದಿಗಳನ್ನು ಜರ್ಮನಿಯ ಫಾನ್ ಸೆಂಡೆನ್ 1932ರಲ್ಲಿ ಒಟ್ಟುಗೂಡಿಸಿದನು. 1963ರಲ್ಲಿ ರಿಚರ್ಡ್ ಗ್ರೆಗರಿ ಮತ್ತು ಜೀನ್ ವಾಲೆಸ್ ಪ್ರಕಟಿಸಿದ ಅಧ್ಯಯನವು ಚಿತ್ರವನ್ನು ಸ್ವಲ್ಪ ಬದಲಿಸಿತು. ಹತ್ತು ತಿಂಗಳ ಮಗುವಾಗಿದ್ದಾಗ ದೃಷ್ಟಿ ಕಳೆದುಕೊಂಡು 52ರ ವಯಸ್ಸಿನಲ್ಲಿ ಕಾರ್ನಿಯಾ ಕಸಿಯಿಂದ ಅದನ್ನು ಮರಳಿ ಪಡೆದ ವ್ಯಕ್ತಿಯೊಬ್ಬರು, ಹಿಂದೆ ಬೆರಳಿನಿಂದ ಕಲಿತಿದ್ದ ಇಂಗ್ಲಿಷ್ ದೊಡ್ಡ ಅಕ್ಷರಗಳನ್ನೂ ಗಡಿಯಾರದ ಮುಳ್ಳುಗಳನ್ನೂ ನೋಟದಿಂದಲೇ ಓದಿದರು. ಮುಟ್ಟಿ ಕಲಿಯದಿದ್ದ ಸಣ್ಣ ಅಕ್ಷರಗಳನ್ನು ಮಾತ್ರ ಓದಲಾರದೆ ಹೋದರು. ಸ್ಪರ್ಶದ ಜ್ಞಾನವು ನೋಟಕ್ಕೆ ದಾಟಿಕೊಳ್ಳಬಲ್ಲುದು ಎಂಬುದಕ್ಕೆ ಇದು ಬಲವಾದ ಸೂಚನೆಯಾಗಿತ್ತು.

ಅದೇ ವರ್ಷ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳೆಯ ದಿನಗಳಲ್ಲಿ ಮುಚ್ಚಿದರೆ, ಮಿದುಳಿನ ದೃಷ್ಟಿವಲಯದ ಬಹುತೇಕ ಜೀವಕೋಶಗಳು ಆ ಕಣ್ಣಿಗೆ ಸ್ಪಂದಿಸುವುದನ್ನೇ ನಿಲ್ಲಿಸುತ್ತವೆಂದು ತೋರಿಸಿದರು. 1981ರ ನೊಬೆಲ್ ಪ್ರಶಸ್ತಿಗೆ ಪಾತ್ರವಾದ ಈ ಸಂಶೋಧನಾ ಸರಣಿಯಿಂದ ‘ನಿರ್ಣಾಯಕ ಅವಧಿ’ ಎಂಬ ಪರಿಕಲ್ಪನೆ, ಅಂದರೆ ನರಜಾಲವು ಅನುಭವದಿಂದ ರೂಪುಗೊಳ್ಳಲು ನಿಗದಿಯಾದ ಒಂದು ಕಾಲಾವಧಿ ಇದೆ ಎಂಬ ಅಭಿಪ್ರಾಯ, ನೆಲೆಯೂರಿತು. ಹುಟ್ಟಿನಿಂದ ಪೊರೆಯಿರುವ ಮಕ್ಕಳಿಗೆ ಬಾಲ್ಯ ಕಳೆದ ಮೇಲೆ ಚಿಕಿತ್ಸೆ ಮಾಡಿ ಹೆಚ್ಚಿನ ಪ್ರಯೋಜನವಿಲ್ಲವೆಂಬ ನಂಬಿಕೆಗೆ ಇದು ಪುಷ್ಟಿ ಕೊಟ್ಟಿತು.

ದೆಹಲಿಯ ಪ್ರಯೋಗ

ಪ್ರಶ್ನೆಯನ್ನು ಹತೋಟಿಯಲ್ಲಿಟ್ಟ ಪ್ರಯೋಗಕ್ಕೆ ಒಳಪಡಿಸಿದ್ದು ಭಾರತದಲ್ಲಿ. ಅಮೆರಿಕದ ಎಂಐಟಿಯ ಪವನ್ ಸಿನ್ಹಾ ಆರಂಭಿಸಿದ ‘ಪ್ರಾಜೆಕ್ಟ್ ಪ್ರಕಾಶ್’ ಯೋಜನೆಯು ಚಿಕಿತ್ಸೆ ಸಿಗದೆ ಬೆಳೆದ ಅಂಧ ಮಕ್ಕಳನ್ನು ಪತ್ತೆಹಚ್ಚಿ, ನವದೆಹಲಿಯ ಡಾ. ಶ್ರಾಫ್ಸ್ ಚಾರಿಟಿ ಕಣ್ಣಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿ, ಅವರು ನೋಡಲು ಕಲಿಯುವ ಬಗೆಯನ್ನು ಅಧ್ಯಯನ ಮಾಡಿತು. ರಿಚರ್ಡ್ ಹೆಲ್ಡ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 8ರಿಂದ 17 ವರ್ಷದ ಐವರು ಭಾಗವಹಿಸಿದ್ದರು. ಆಟದ ಇಟ್ಟಿಗೆಗಳಂತಹ ತುಂಡೊಂದನ್ನು ಕೊಟ್ಟು, ಆಮೇಲೆ ಎರಡು ತುಂಡುಗಳಲ್ಲಿ ಅದಕ್ಕೆ ಹೊಂದುವುದನ್ನು ಆರಿಸಲು ಹೇಳಲಾಯಿತು. ಮುಟ್ಟಿದ್ದನ್ನು ಮುಟ್ಟಿಯೇ ಗುರುತಿಸುವಾಗ ಸರಾಸರಿ ಶೇ. 98, ನೋಡಿದ್ದನ್ನು ನೋಡಿಯೇ ಗುರುತಿಸುವಾಗ ಶೇ. 92 ಉತ್ತರಗಳು ಸರಿಯಾಗಿದ್ದವು. ಮುಟ್ಟಿದ್ದನ್ನು ನೋಡಿ ಗುರುತಿಸಬೇಕಾದಾಗ ಮಾತ್ರ ಶೇ. 58ಕ್ಕೆ ಇಳಿದವು, ಅಂದರೆ ಸುಮ್ಮನೆ ಊಹಿಸಿ ಆರಿಸಿದರೆ ಸಿಗಬಹುದಾದ ಶೇ. 50ರ ಸಮೀಪಕ್ಕೆ ಬಂದವು. ಕಣ್ಣು ಸಾಕಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲವೆಂಬ ದಿದರೋ ಕಾಲದ ಆಕ್ಷೇಪಕ್ಕೆ ಆ ಶೇ. 92 ಉತ್ತರವಾಯಿತು. ವಿಶೇಷ ತರಬೇತಿಯೇನೂ ಇಲ್ಲದೆ, ಕೆಲವೇ ದಿನಗಳ ಬಳಿಕ ಮರುಪರೀಕ್ಷೆ ಮಾಡಿದಾಗ ಈ ಸಾಮರ್ಥ್ಯ ಗಣನೀಯವಾಗಿ ಹೆಚ್ಚಿರುವುದೂ ಕಂಡುಬಂದಿತು.

ವಿವಾದ ಅಲ್ಲಿಗೂ ಮುಗಿಯಲಿಲ್ಲ. ಎರಡು ಬಿಂಬಗಳ ಹೋಲಿಕೆಯನ್ನು ಹಿಡಿಯುವುದು ಮೂರು ಆಯಾಮದ ಆಕಾರವನ್ನು ಕಾಣುವುದಕ್ಕೆ ಸಮವಲ್ಲವೆಂದು ಜಾನ್ ಶ್ವೆಂಕ್ಲರ್ 2012ರಲ್ಲಿ ಆಕ್ಷೇಪಿಸಿದರು. ಆದ್ದರಿಂದ ಘನವಸ್ತುಗಳ ಬದಲು ಉಬ್ಬುಗೆರೆಗಳ ಸಮತಲ ಆಕೃತಿಗಳನ್ನು ಬಳಸಬಹುದೆಂಬ ಸಲಹೆಯೂ ಮುಂದೆ ಬಂದಿತು. 2015ರಲ್ಲಿ ಪ್ರಾಜೆಕ್ಟ್ ಪ್ರಕಾಶ್ ತಂಡವೇ ವರದಿ ಮಾಡಿದಂತೆ, ಸಮನಾದ ಗೆರೆಗಳು ಉದ್ದಗಿಡ್ಡವಾಗಿ ತೋರುವ ಪೊಂಜೊ ಮತ್ತು ಮ್ಯುಲರ್-ಲಾಯರ್ ದೃಷ್ಟಿಭ್ರಮೆಗಳಿಗೆ ದೃಷ್ಟಿ ಬಂದ ಕೂಡಲೇ ಈ ಮಕ್ಕಳು ಒಳಗಾದರು. ನೋಟದ ಎಲ್ಲ ನಿಯಮಗಳೂ ಅಭ್ಯಾಸದಿಂದಲೇ ಬರುತ್ತವೆಂಬ ಸರಳ ಅನುಭವವಾದಕ್ಕೆ ಇದು ಹೊಂದುವುದಿಲ್ಲ. 2020ರಲ್ಲಿ ದುಂಬಿಗಳ ಮೇಲೆ ನಡೆದ ಪ್ರಯೋಗವು, ಕತ್ತಲಲ್ಲಿ ಮುಟ್ಟಿ ಕಲಿತ ಗೋಲ-ಘನಗಳನ್ನು ಅವು ಬೆಳಕಿನಲ್ಲಿ ನೋಟದಿಂದ ಗುರುತಿಸಬಲ್ಲವೆಂದು ತೋರಿಸಿ, ಇಂದ್ರಿಯಗಳ ನಡುವಿನ ಈ ವರ್ಗಾವಣೆಗೆ ದೊಡ್ಡ ಮಿದುಳಾಗಲೀ ಭಾಷೆಯಾಗಲೀ ಅಗತ್ಯವಲ್ಲವೆಂಬುದನ್ನು ಮನಗಾಣಿಸಿತು. ಆದರೆ ಆ ದುಂಬಿಗಳಿಗೆ ಮೊದಲಿನಿಂದಲೂ ದೃಷ್ಟಿಯಿದ್ದುದರಿಂದ, ಅದು ಮೊಲಿನ್ಯೂವಿನ ಪ್ರಶ್ನೆಗೆ ನೇರ ಉತ್ತರವಲ್ಲ.

ಸಮಾರೋಪ

ಈ ಚರಿತ್ರೆಯನ್ನು ಲಾಕನ ಗೆಲುವು ಅಥವಾ ಲೈಬ್ನಿಟ್ಸನ ಸೋಲು ಎಂದು ಓದುವುದು ಸರಿಯಲ್ಲ. ಮೊದಲ ನೋಟದಲ್ಲಿ ಗುರುತು ಹತ್ತುವುದಿಲ್ಲವೆಂಬ ಮಟ್ಟಿಗೆ ಲಾಕನ ಊಹೆಗೆ ಆಧಾರ ದೊರೆತಿದೆ. ಆದರೆ ವರ್ಷಗಟ್ಟಲೆ ಕತ್ತಲಲ್ಲಿದ್ದ ಮಿದುಳು ಕೆಲವೇ ದಿನಗಳಲ್ಲಿ ನೋಟವನ್ನೂ ಸ್ಪರ್ಶವನ್ನೂ ಹೊಂದಿಸಿಕೊಳ್ಳುತ್ತದೆ ಎಂದರೆ, ಬರ್ಕ್ಲಿ ಹೇಳಿದಂತೆ ಅವೆರಡೂ ಸಂಬಂಧವೇ ಇಲ್ಲದ ಲೋಕಗಳಾಗಿರಲು ಸಾಧ್ಯವಿಲ್ಲ. ನೈಯಾಯಿಕರು ಸಿದ್ಧವೆಂದು ಹಿಡಿದ ‘ನೋಡಿದ್ದೇ ಮುಟ್ಟಿದ್ದು’ ಎಂಬ ಐಕ್ಯವು ಪ್ರತಿ ವ್ಯಕ್ತಿಯಲ್ಲೂ ನಡೆದುಬಂದ ಒಂದು ಕ್ರಿಯೆಯ ಫಲ. ಆ ಕ್ರಿಯೆಗೆ ಬೇಕಾದ ಸಜ್ಜಿಕೆ ಮೊದಲೇ ಇರುತ್ತದೆ, ಯಾವ ನೋಟಕ್ಕೆ ಯಾವ ಸ್ಪರ್ಶ ಎಂಬ ಜೋಡಣೆ ಮಾತ್ರ ಅನುಭವದಿಂದ ಆಗಬೇಕು. ಒಂದೇ ಎಂದು ತೋರುವ ಜಗತ್ತು ಹೀಗೆ ಇಂದ್ರಿಯಗಳ ಕೊಡುಗೆಯೂ ಹೌದು, ಅವುಗಳ ವರದಿಗಳನ್ನು ಹೊಂದಿಸುವ ಮಿದುಳಿನ ಸಾಧನೆಯೂ ಹೌದು. ಇದರ ಪರಿಣಾಮ ತತ್ತ್ವಶಾಸ್ತ್ರದ ಹೊರಗೂ ಇದೆ: ಎಂಟು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ವಯಸ್ಸಿನಲ್ಲಿಯೂ ಈ ಜೋಡಣೆ ಸಾಧ್ಯವೆಂದು ಕಂಡ ಮೇಲೆ, ಕಾಲ ಮೀರಿತೆಂಬ ಕಾರಣಕ್ಕೆ ಅಂಧ ಮಗುವಿಗೆ ಚಿಕಿತ್ಸೆ ನಿರಾಕರಿಸುವುದಕ್ಕೆ ಇದ್ದ ಶಾಸ್ತ್ರೀಯ ಸಮರ್ಥನೆ ದುರ್ಬಲವಾಗಿದೆ.