ದಾವೆ ಹೂಡುವ ಕೈಗಳು

ನೇಗಿಲು ಹೂಡುತ್ತೇವೆ, ಬಾಣ ಹೂಡುತ್ತೇವೆ, ದಾವೆಯನ್ನೂ ಹೂಡುತ್ತೇವೆ. ಮೂರರಲ್ಲೂ ಮುಂಚಿನ ಸಿದ್ಧತೆಯೇ ಹೆಚ್ಚು. ತಾಲ್ಲೂಕು ಕೋರ್ಟಿನ ಹೊರಗೆ ಮರದ ನೆರಳಲ್ಲಿ ಟೈಪ್‌ರೈಟರ್ ಹಾಕಿಕೊಂಡು ಕೂರುತ್ತಿದ್ದ ಜಾಬ್ ಟೈಪಿಸ್ಟರನ್ನು ಕಂಡವರಿಗೆ ಇದು ಗೊತ್ತು. ಕಕ್ಷಿದಾರ ಅಳುತ್ತ, ಬೈಯುತ್ತ ಹೇಳಿದ ಕಥೆ ಗುಮಾಸ್ತರ ಕೈ ದಾಟಿ, ವಕೀಲರ ಪೆನ್ನು ದಾಟಿ ಅಲ್ಲಿಗೆ ಬರುವ ಹೊತ್ತಿಗೆ ನಾಲ್ಕೈದು ಪುಟದ ತಣ್ಣನೆಯ ವಾದಪತ್ರವಾಗಿರುತ್ತಿತ್ತು. ಮಾತನ್ನು ಬರಹ ಮಾಡುವ ಈ ಹೊಣೆ ಯಾರದು? ವಾದಪತ್ರದಲ್ಲಿ ಏನಿರಬೇಕು ಎಂಬುದು ಶತಮಾನಗಳಲ್ಲಿ ಅಷ್ಟೇನೂ ಬದಲಾಗಿಲ್ಲ. ಹೊಣೆ ಮಾತ್ರ ಕೈಯಿಂದ ಕೈಗೆ ಹೋಗಿದೆ.

ಈ ಕಥೆಯ ಒಂದು ಮುಖ್ಯ ಗ್ರಂಥ ನಮ್ಮ ಬಸವಕಲ್ಯಾಣದ್ದೇ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವನ್ನು ನಾವು ನೆನೆಯುವುದು ಹೆಚ್ಚಾಗಿ ಅಣ್ಣತಮ್ಮಂದಿರ ಪಾಲಿನ ವಿಷಯಕ್ಕೆ. ಆದರೆ ಅದರ ವ್ಯವಹಾರಾಧ್ಯಾಯ ದಾವೆ ಹೂಡುವ ಬಗೆಯನ್ನೂ ಸೊಗಸಾಗಿ ವಿವರಿಸುತ್ತದೆ. ವ್ಯಾಜ್ಯಕ್ಕೆ ನಾಲ್ಕು ಪಾದ. ಮೊದಲನೆಯದು ‘ಭಾಷೆ’, ಅಂದರೆ ವಾದಿಯ ಅಹವಾಲು. ಅದನ್ನು ಪ್ರತಿವಾದಿಯ ಎದುರಿನಲ್ಲೇ ಬರೆಯಬೇಕು. ವರ್ಷ, ಮಾಸ, ಪಕ್ಷ, ದಿನ, ಹೆಸರು, ಜಾತಿ ಎಲ್ಲ ಇರಬೇಕು. ಜಮೀನಿನ ತಕರಾರಾದರೆ ದೇಶ, ಸ್ಥಳ, ಅಳತೆ, ಹೊಲದ ಹೆಸರು, ತಂದೆ-ತಾತಂದಿರ ಹೆಸರು, ಹಿಂದಿನ ರಾಜರ ಹೆಸರು ಸೇರಿ ಹತ್ತು ವಿವರ. ಇಂದಿನ ವಾದಪತ್ರದ ಕೊನೆಯಲ್ಲಿ ಸರ್ವೆ ನಂಬರು, ಚೆಕ್ಕುಬಂದಿ ಬರೆಯುವ ಷೆಡ್ಯೂಲಿನ ಅಜ್ಜ ಇದೇ ಇರಬೇಕು ಅನ್ನಿಸುತ್ತದೆ.

ಅದಕ್ಕಿಂತ ನನಗೆ ಹಿಡಿಸಿದ್ದು ಬರೆಯುವ ಕ್ರಮ. ವಾದಿಯ ಮಾತನ್ನು ಮೊದಲು ನೆಲದ ಮೇಲೋ ಹಲಗೆಯ ಮೇಲೋ ಬಳಪದಿಂದ ಬರೆದುಕೊಳ್ಳಬೇಕು. ಹೆಚ್ಚು ಕಡಿಮೆ ತಿದ್ದಿದ ಮೇಲಷ್ಟೇ ಪತ್ರಕ್ಕೆ ಇಳಿಸಬೇಕು. ಹೇಳಿದ್ದು ಒಂದು, ಬರೆದದ್ದು ಇನ್ನೊಂದಾದರೆ ಲೇಖಕನಿಗೆ ಕಳ್ಳನಿಗೆ ಕೊಡುವ ಶಿಕ್ಷೆ ಎನ್ನುತ್ತಾನೆ ಸ್ಮೃತಿಕಾರ ಕಾತ್ಯಾಯನ. ವಾದಿ ಬಾಯಿ ಬಿಟ್ಟರೆ ಸಾಕು, ಸರಿಯಾಗಿ ಬರೆದುಕೊಳ್ಳುವ ಭಾರ ಸಭೆಯದು, ಅಂದರೆ ನ್ಯಾಯಾಲಯದ್ದು. ಶಾಸ್ತ್ರ ಹೀಗೆ ಹೇಳಿತೆಂದ ಮಾತ್ರಕ್ಕೆ ಊರೂರಲ್ಲಿ ಹೀಗೆಯೇ ನಡೆಯಿತು ಎನ್ನಲಾಗದು, ಆ ಮಾತು ಬೇರೆ.

ಮುಂದಿನ ಆಳ್ವಿಕೆಗಳು ನಮ್ಮ ಕಚೇರಿಗಳಿಗೆ ಕೊಟ್ಟ ದೊಡ್ಡ ಕಾಣಿಕೆ ಶಬ್ದಗಳು: ಅರ್ಜಿ, ದಾವೆ, ಫಿರ್ಯಾದಿ, ತಕರಾರು, ವಕಾಲತ್ತು, ಶಿರಸ್ತೇದಾರ, ಅಮೀನ. ಕಂಪನಿ ಸರಕಾರ ಬಂದ ಮೇಲೆ ಕನ್ನಡ ನಾಡು ಕಾನೂನಿನಲ್ಲೂ ಹರಿದು ಹಂಚಿಹೋಯಿತು. ಬಳ್ಳಾರಿ, ಮಂಗಳೂರಿಗೆ ಮದರಾಸಿನ ನಿಯಮಾವಳಿ, ಧಾರವಾಡಕ್ಕೆ ಮುಂಬಯಿಯದು. ಕಂಪನಿ ಕೋರ್ಟುಗಳಲ್ಲಿ ವಾದಪತ್ರ, ಅದಕ್ಕೆ ಉತ್ತರ, ಉತ್ತರಕ್ಕೆ ಪ್ರತ್ಯುತ್ತರ, ಅದಕ್ಕೂ ಮರುತ್ತರ ಎಂದು ಕಾಗದ ಬೆಳೆಯುತ್ತಿತ್ತು. ದಾವೆಗಳ ರಾಶಿ ಇಳಿಸಲು ಬಂಗಾಳದಲ್ಲಿ 1795ರಲ್ಲಿ ದಾವೆ ಹೂಡುವಾಗಲೇ ಶುಲ್ಕ ಕಟ್ಟುವ ನಿಯಮ ಬಂತು. ನ್ಯಾಯ ಕೇಳುವವನ ಕಿಸೆಗೆ ಮೊದಲೇ ಕೈಹಾಕುವ ಈ ಉಪಾಯ ಎಂಥ ಯಶಸ್ಸು ಕಂಡಿತೆಂದರೆ, ಬ್ರಿಟಿಷರು ಹೋದರೂ ಅದು ಹೋಗಲಿಲ್ಲ.

1859ರಲ್ಲಿ ಮೊದಲ ಸಿವಿಲ್ ಪ್ರಕ್ರಿಯಾ ಸಂಹಿತೆ ಬಂತು, 1877 ಮತ್ತು 1882ರಲ್ಲಿ ಹೊಸದಾಯಿತು. ಇಂದಿಗೂ ಚಾಲ್ತಿಯಲ್ಲಿರುವುದು 1908ರದು. ಅದರ 6ನೇ ಆದೇಶ ಒಂದು ಕಟ್ಟುನಿಟ್ಟಿನ ಮಾತು ಹೇಳುತ್ತದೆ: ವಾದಪತ್ರದಲ್ಲಿ ಮುಖ್ಯ ಸಂಗತಿಗಳಿರಲಿ, ಸಾಕ್ಷ್ಯ ಬೇಡ. 7ನೇ ಆದೇಶ ಪಟ್ಟಿ ಕೊಡುತ್ತದೆ: ಯಾವ ಕೋರ್ಟು, ವಾದಿ-ಪ್ರತಿವಾದಿಗಳ ಹೆಸರು-ವಿಳಾಸ, ವ್ಯಾಜ್ಯ ಕಾರಣ ಏನು, ಅದು ಹುಟ್ಟಿದ್ದು ಎಂದು, ಈ ಕೋರ್ಟಿಗೆ ಅಧಿಕಾರ ಹೇಗೆ, ಕೇಳುವ ಪರಿಹಾರ ಯಾವುದು, ದಾವೆಯ ಮೌಲ್ಯ ಎಷ್ಟು. ಸಂಹಿತೆಯ ಅನುಬಂಧದಲ್ಲಿ ಮಾದರಿ ವಾದಪತ್ರಗಳೂ ಇವೆ. ಒಂದೊಂದೂ ಒಂದು ಪುಟ ದಾಟುವುದು ಕಡಿಮೆ. ನಮ್ಮ ವಕೀಲರು ಅವನ್ನು ಮೆಚ್ಚುತ್ತಾರೆ, ಅನುಸರಿಸುವುದಿಲ್ಲ.

ಬರವಣಿಗೆಯ ಜಾಣ್ಮೆ ಹಣವನ್ನೂ ನಿರ್ಧರಿಸುತ್ತದೆ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ 35ನೇ ಕಲಮಿನಂತೆ, ಪಾಲು ಕೇಳುವ ವಾದಿ ಆಸ್ತಿಯ ಜಂಟಿ ಸ್ವಾಧೀನದಲ್ಲಿದ್ದರೆ ನಿಗದಿತ ಸಣ್ಣ ಶುಲ್ಕ. ತನ್ನನ್ನು ಹೊರಗಿಟ್ಟಿದ್ದಾರೆ ಎಂದರೆ ತನ್ನ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಹೀಗಾಗಿ ತವರಿನ ಹೊಸ್ತಿಲು ತುಳಿದು ವರ್ಷಗಳೇ ಆದ ಮಗಳೂ ವಾದಪತ್ರದಲ್ಲಿ ಅಣ್ಣಂದಿರೊಡನೆ ‘ಜಂಟಿ ಸ್ವಾಧೀನ’ದಲ್ಲಿರುತ್ತಾಳೆ. ಕಾನೂನಿನ ಕಣ್ಣಿಗೆ ಅದು ಪೂರ್ತಿ ಸುಳ್ಳೂ ಅಲ್ಲ; ಒಬ್ಬ ಪಾಲುದಾರನ ಸ್ವಾಧೀನವನ್ನು ಸಾಮಾನ್ಯವಾಗಿ ಎಲ್ಲರದ್ದೂ ಎಂದೇ ಎಣಿಸುತ್ತಾರೆ.

ಜಾಣ್ಮೆ ಮಿತಿಮೀರಿದ ಒಂದು ಪ್ರಸಂಗ 1977ರಲ್ಲಿ ಬೆಂಗಳೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋಯಿತು. ತೆರವಿನ ವ್ಯಾಜ್ಯದಲ್ಲಿ ಸೋತ ಬಾಡಿಗೆದಾರರ ಕಡೆಯಿಂದ ಮತ್ತೆ ಮತ್ತೆ ಹೊಸ ದಾವೆ. ಚತುರ ಬರವಣಿಗೆಯಿಂದ ವ್ಯಾಜ್ಯ ಕಾರಣದ ಭ್ರಮೆ ಹುಟ್ಟಿಸಿದರೆ ಅದನ್ನು 7ನೇ ಆದೇಶದ 11ನೇ ನಿಯಮದಡಿ ಮೊಳಕೆಯಲ್ಲೇ ಚಿವುಟಬೇಕು ಎಂದರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ಅಲ್ಲಿಂದೀಚೆಗೆ ದಾವೆ ತಿರಸ್ಕರಿಸಿ ಎಂಬ ಅರ್ಜಿ ಪ್ರತಿವಾದಿಗಳ ಮೆಚ್ಚಿನ ಅಸ್ತ್ರವಾಗಿದೆ. ಬರೆದುಕೊಳ್ಳುತ್ತಿದ್ದ ಸಭೆ ಈಗ ಬರೆದುತಂದದ್ದನ್ನು ಬಾಗಿಲಲ್ಲೇ ತಡೆದು ಶೋಧಿಸುವ ಸಭೆಯಾಗಿದೆ.

2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಗಳು ವಾದಿಯ ಹೆಗಲಿಗೆ ಇನ್ನಷ್ಟು ಹೊರಿಸಿದವು. ಸತ್ಯಾಪನೆಯ ಜೊತೆಗೆ ಪ್ರಮಾಣಪತ್ರವೂ ಬೇಕಾಯಿತು. ವಿಚಾರಣೆ ಶುರುವಾದ ಮೇಲೆ ವಾದಪತ್ರ ತಿದ್ದುವುದು ಕಷ್ಟವಾಯಿತು. ಪ್ರತಿವಾದಿ ಉತ್ತರ ಕೊಡುವ ತನಕ ತಿದ್ದಿಕೊಳ್ಳಲಿ ಎಂದು ಹಳೆಯ ಸ್ಮೃತಿಕಾರರು ಹಾಕಿದ್ದ ಗೆರೆ ಇದಕ್ಕಿಂತಲೂ ಬಿಗಿ ಎಂಬುದನ್ನು ಇಲ್ಲಿ ಹೇಳಲೇಬೇಕು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ 2018ರ ತಿದ್ದುಪಡಿಯ ನಂತರ, ತುರ್ತು ಪರಿಹಾರ ಬೇಡದ ದಾವೆಯಾದರೆ ಮೊದಲು ಮಧ್ಯಸ್ಥಿಕೆಗೆ ಹೋಗಿಬರಬೇಕು. ಇದು ಕಡ್ಡಾಯ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿತು.

ಇ-ಕೋರ್ಟ್ಸ್ ಯೋಜನೆಯ ಮೊದಲ ಹಂತ 2007ರದು, ಮೂರನೆಯದು 2023ರದು. ಈಗ ಪ್ರತಿ ದಾವೆಗೂ 16 ಅಂಕಿ-ಅಕ್ಷರಗಳ ಗುರುತು ಸಂಖ್ಯೆ. ವಾದಪತ್ರ ಪಿಡಿಎಫ್ ಆಗಿ, ಶುಲ್ಕ ಆನ್‌ಲೈನಿನಲ್ಲಿ ಹೋಗಬಲ್ಲದು. ಹಾಗೆಂದು ಕಾಗದದ ಕಟ್ಟು ಮಾಯವಾಗಿಲ್ಲ. ದಾರ ಪೋಣಿಸಿ, ಪುಟಸಂಖ್ಯೆ ಹಾಕಿ, ಪಿ.ಎಫ್. (ಪ್ರೋಸೆಸ್ ಫೀ) ಕಟ್ಟಿ, ಕಚೇರಿ ಎತ್ತಿದ ಆಕ್ಷೇಪಣೆ ಸರಿಪಡಿಸುವ ಗುಮಾಸ್ತರಿಗೆ ಕೆಲಸ ಇಮ್ಮಡಿಯಾಗಿದೆ ಅಷ್ಟೆ.

ಕೋರ್ಟಿನ ಆವರಣಗಳಲ್ಲಿ ಇ-ಸೇವಾ ಕೇಂದ್ರಗಳು ಬಂದಿವೆ. ಅಲ್ಲಿ ಸ್ಕ್ಯಾನ್ ಮಾಡಿ, ಅಪ್‌ಲೋಡ್ ಮಾಡಿಕೊಡುತ್ತಾರೆ, ವಾದಪತ್ರ ಬರೆದುಕೊಡುವುದಿಲ್ಲ. ಅದಕ್ಕೆ ವಕೀಲರನ್ನು ಹಿಡಿಯಬೇಕು, ಅಥವಾ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರನ್ನು ಕೇಳಬೇಕು. ಓದುಬಾರದ ಕಕ್ಷಿದಾರನಾದರೆ, ಕೊನೆಯ ಪುಟದಲ್ಲಿ ‘ನನಗೆ ಓದಿ ಹೇಳಲಾಗಿದೆ, ಸರಿ ಇದೆ’ ಎಂಬ ಸಾಲು. ಅದರ ಕೆಳಗೆ ಎಡಗೈ ಹೆಬ್ಬೆಟ್ಟು.