ಬಸವನ ಪಾದದಲ್ಲಿ ಹುಟ್ಟಿದ ಹೊಳೆ

ಬೆಂಗಳೂರಿಗೆ ನದಿಯೇ ಇಲ್ಲವೆಂದು ಹೇಳುವವರು ಬಹು ಮಂದಿ. ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆಂದು ಬಸವನಗುಡಿಗೆ ಹೋಗಿ, ದೊಡ್ಡ ಬಸವನಿಗೆ ಕೈಮುಗಿದು ಮರಳುವವರಲ್ಲಿಯೂ, ತಾವು ನಿಂತಿದ್ದುದು ಒಂದು ನದಿಯ ತವರಿನಲ್ಲಿ ಎಂದು ಬಲ್ಲವರು ಎಷ್ಟು ಮಂದಿಯೋ! ಆ ಬಸವನ ಪಾದದಡಿ ಹುಟ್ಟಿದ್ದರಿಂದಲೇ ಅದಕ್ಕೆ ವೃಷಭಾವತಿಯೆಂಬ ಹೆಸರು ಬಂತೆಂದು ಐತಿಹ್ಯ. ಗಾಳಿ ಆಂಜನೇಯನ ಗುಡಿಯ ಬಳಿ ಹಾದು, ಕೆಂಗೇರಿಯನ್ನು ದಾಟಿ, ಬಿಡದಿಯ ಹತ್ತಿರದ ಭೈರಮಂಗಲದ ಕೆರೆಗೆ ಇಳಿದು, ಕನಕಪುರದ ಕಡೆ ಅರ್ಕಾವತಿಯನ್ನು ಕೂಡಿ, ಕೊನೆಗೆ ಸಂಗಮದಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಆದರೆ ಮೈಸೂರು ರಸ್ತೆಯಲ್ಲಿ ಹೋಗುವವರನ್ನು ಕೇಳಿ ನೋಡಿ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಅವರು ಹೇಳುವ ಹೆಸರು ಬೇರೆ: ಕೆಂಗೇರಿ ಮೋರಿ.

ನದಿಯೊಂದು ಮೋರಿಯಾದದ್ದು ಹೇಗೆ? ಕಾರ್ಖಾನೆಗಳಿಂದ, ಜನಸಂಖ್ಯೆಯಿಂದ ಎಂದು ಉತ್ತರ ಕೊಡುವುದು ಸುಲಭ. ಆ ಉತ್ತರ ಸುಳ್ಳಲ್ಲ. ಆದರೆ ಕಥೆ ಅದಕ್ಕಿಂತ ಹಿಂದೆಯೇ, ಊರಿಗೆ ನಲ್ಲಿ ಬಂದ ದಿನವೇ ಆರಂಭವಾಯಿತು.

ಬೆಂಗಳೂರು ಒಂದು ದಿಣ್ಣೆಯ ಮೇಲೆ ಬೆಳೆದ ಊರು. ಪಶ್ಚಿಮದ ಇಳಿಜಾರಿಗೆ ಬಿದ್ದ ಮಳೆ ಅರ್ಕಾವತಿಯ ಮೂಲಕ ಕಾವೇರಿಗೆ ಹರಿಯುತ್ತದೆ. ಪೂರ್ವದ ಇಳಿಜಾರಿನದು ದಕ್ಷಿಣ ಪಿನಾಕಿನಿಗೆ. ಈ ತಗ್ಗುಗಳಿಗೆ ಅಡ್ಡಲಾಗಿ ಹಿಂದಿನವರು ಕೆರೆಗಳನ್ನು ಕಟ್ಟಿದರು. ಧರ್ಮಾಂಬುಧಿ, ಸಂಪಂಗಿ ಕೆರೆಗಳ ನೀರನ್ನು ಊರು ಬಳಸುತ್ತಿತ್ತು. ಆ ಕಾಲದವರು ನಮಗಿಂತ ಶುಚಿಯಾಗಿದ್ದರೆಂದು ಹೊಗಳಬೇಕಾಗಿಲ್ಲ. ಕೆರೆ ಕೆಟ್ಟರೆ ತಾವೇ ಆ ನೀರನ್ನು ಕುಡಿಯಬೇಕಾಗುತ್ತಿತ್ತು, ಅಷ್ಟೇ.

ಆ ಭಯ ಮೆಲ್ಲಮೆಲ್ಲನೆ ದೂರವಾಯಿತು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ನಗರಕ್ಕೆ ಬಂತು. 1898ರ ಪ್ಲೇಗು ಇಕ್ಕಟ್ಟಾದ ಪೇಟೆಯನ್ನು ನಡುಗಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳು ಹರಡಿಕೊಂಡವು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. 1974ರಲ್ಲಿ, ಸುಮಾರು ನೂರು ಕಿಲೋಮೀಟರು ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ಕಾವೇರಿಯೇ ಏರಿ ಬಂದಳು. ದೂರದ ನೀರು ಬಂದಂತೆಲ್ಲ ಮನೆಯಂಗಳದ ನೀರು ಬೇಡವಾಯಿತು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು, ವೃಷಭಾವತಿ ಮೋರಿಯಾಯಿತು.

ಇಲ್ಲಿರುವುದು ಸಣ್ಣ ಲೆಕ್ಕ. ಮನೆಗೆ ಬಂದ ನೂರು ಕೊಡ ನೀರಿನಲ್ಲಿ ಸುಮಾರು ಎಂಬತ್ತು ಕೊಡ ಕೊಳಚೆಯಾಗಿ ಹೊರಬೀಳುತ್ತದೆಂಬುದು ಎಂಜಿನಿಯರರು ಹಿಡಿಯುವ ಸಾಮಾನ್ಯ ಅಂದಾಜು. 2024ರ ಅಕ್ಟೋಬರಿನಲ್ಲಿ ಆರಂಭವಾದ ಕಾವೇರಿಯ ಐದನೆಯ ಹಂತದ ಯೋಜನೆ ದಿನಕ್ಕೆ 77.5 ಕೋಟಿ ಲೀಟರು ನೀರು ತರುವಂಥದು. ಅದು ಪೂರ್ತಿ ಬಂದರೆ ದಿನಕ್ಕೆ ಅರವತ್ತು ಕೋಟಿ ಲೀಟರಿಗೂ ಹೆಚ್ಚು ಹೊಸ ಕೊಳಚೆ ಎಲ್ಲಿಗಾದರೂ ಹೋಗಲೇಬೇಕು. ನೀರು ಬಂದ ದಿನ ಹಬ್ಬವಾಗುತ್ತದೆ, ಶಿಲಾಫಲಕ ಏಳುತ್ತದೆ. ಅದು ಹೋಗುವ ದಾರಿಗೆ ಹಬ್ಬವೂ ಇಲ್ಲ, ಫಲಕವೂ ಇಲ್ಲ.

ಹೊಳೆಗೂ ಉಸಿರುಂಟು. ನೀರಿನಲ್ಲಿ ಕರಗಿದ ಆಮ್ಲಜನಕವೇ ಆ ಉಸಿರು. ಸ್ವಲ್ಪ ಕೊಳಕು ಬಿದ್ದರೆ ಸೂಕ್ಷ್ಮಜೀವಿಗಳು ಆ ಆಮ್ಲಜನಕವನ್ನು ಬಳಸಿಕೊಂಡು ಕೊಳಕನ್ನು ಅರಗಿಸಿಬಿಡುತ್ತವೆ. ಹೊಳೆಯ ಶಕ್ತಿ ಮೀರಿ ಬಿದ್ದರೆ ಆಮ್ಲಜನಕ ಮುಗಿಯುತ್ತದೆ, ಮೀನು ಸಾಯುತ್ತದೆ, ದುರ್ವಾಸನೆ ಏಳುತ್ತದೆ. ಸಾಬೂನುಪುಡಿಯ ಅಂಶ ಸೇರಿ ನೊರೆಯಾಗುತ್ತದೆ. ಇವುಗಳ ಜೊತೆಗೆ ಕಾರ್ಖಾನೆಗಳ ಲೋಹದ ಅಂಶ ಸೇರಿದರಂತೂ ಅದನ್ನು ಅರಗಿಸುವ ಜೀವಿಯೇ ಇಲ್ಲ.

ಇದರ ಫಲವನ್ನು ಉಣ್ಣುವವರು ನಾವಲ್ಲ. ನಗರ ನೀರೆತ್ತುವ ಜಾಗ ಕಾವೇರಿಯ ಮೇಲ್ಗಡೆ. ಕೊಳಚೆ ಸೇರುವ ಸಂಗಮ ಕೆಳಗಡೆ. 1940ರ ದಶಕದಲ್ಲಿ ಬೇಸಾಯಕ್ಕೆಂದು ಕಟ್ಟಿದ ಭೈರಮಂಗಲದ ಕೆರೆಗೆ ಇಂದು ಬರುವುದು ನಮ್ಮ ಬಚ್ಚಲಿನ ನೀರು. ರೈತ ಅದನ್ನೇ ಗದ್ದೆಗೆ ಹಾಯಿಸುತ್ತಾನೆ. ಬೇರೆ ನೀರಾದರೂ ಅವನಿಗೆ ಎಲ್ಲಿದೆ? ಅಲ್ಲಿ ಬೆಳೆದ ಹುಲ್ಲು ಹಸುವಿಗೆ, ಹಸುವಿನ ಹಾಲು ಮತ್ತೆ ನಗರಕ್ಕೆ. ಕೆಳಗಡೆ ಎಂದು ನಾವು ಕರೆದದ್ದು ನಮ್ಮಿಂದ ಅಷ್ಟೇನೂ ದೂರವಿಲ್ಲ.

ಈ ದಾರಿಯಲ್ಲಿ ನಡೆದ ಊರು ನಮ್ಮದೊಂದೇ ಅಲ್ಲ. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ನಾತಕ್ಕೆ ಲಂಡನ್ನಿನ ಪಾರ್ಲಿಮೆಂಟೇ ಕಂಗೆಟ್ಟಿತು. ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನ ದ್ರಾವಣದಲ್ಲಿ ಅದ್ದಿ ತೂಗುಹಾಕಿದರು. ಬೇಜಲ್‌ಗೆಟ್ ಎಂಬ ಎಂಜಿನಿಯರ್ ಭಾರಿ ಒಳಚರಂಡಿಗಳನ್ನು ಕಟ್ಟಿದ. ನಗರ ಉಸಿರಾಡಿತು; ಆದರೆ ಕೊಳಕು ಹೋದದ್ದು ನದಿಯ ಕೆಳಗಿನವರ ಪಾಲಿಗೆ. 1950ರ ದಶಕದಲ್ಲಿಯೂ ಆ ನದಿಯ ದೊಡ್ಡ ಭಾಗದಲ್ಲಿ ಮೀನಿರಲಿಲ್ಲ. ಕೊಳಚೆಯನ್ನು ಸಾಗಿಸುವುದಕ್ಕಷ್ಟೇ ತೃಪ್ತರಾಗದೆ, ಶುದ್ಧಿಮಾಡಿ ಬಿಡತೊಡಗಿದ ಮೇಲೆ, 1974ರಲ್ಲಿ ಅಲ್ಲಿ ಮತ್ತೆ ಸಾಲ್ಮನ್ ಮೀನು ಸಿಕ್ಕಿತು. ಸಾಗಿಸುವುದು ಬೇರೆ, ಶುದ್ಧಿ ಬೇರೆ ಎಂಬುದೇ ಆ ಕಥೆಯ ತಿರುಳು.

ಅದೇ 1974ರಲ್ಲಿ ನಮ್ಮ ದೇಶದಲ್ಲಿಯೂ ಜಲಮಾಲಿನ್ಯ ನಿವಾರಣೆಯ ಕಾಯಿದೆ ಬಂತು. ಕಾವೇರಿ ನಗರಕ್ಕೆ ಬಂದದ್ದೂ ಅದೇ ವರ್ಷ. ನೀರೂ ಬಂತು, ಕಾಯಿದೆಯೂ ಬಂತು. ನೀರು ಮಾತ್ರ ಮನೆಮನೆಯನ್ನು ಮುಟ್ಟಿತು. ಶುದ್ಧೀಕರಣದ ಸ್ಥಾವರಗಳಿಲ್ಲವೆಂದಲ್ಲ. ಮಳೆನೀರಿಗೆಂದಿರುವ ರಾಜಕಾಲುವೆಗೆ ಮನೆಗಳ ಕೊಳಚೆ ನುಗ್ಗಿದರೆ ಅದು ಸ್ಥಾವರವನ್ನು ಸೇರುವುದೇ ಇಲ್ಲ. ಆದ್ದರಿಂದ ಮೊದಲು ಕಾಲುವೆಯನ್ನೂ ಚರಂಡಿಯನ್ನೂ ಬೇರ್ಪಡಿಸಬೇಕು. ಕಾರ್ಖಾನೆಯ ಹೊಲಸು ಕಾರ್ಖಾನೆಯಲ್ಲಿಯೇ ಶುದ್ಧವಾಗಬೇಕು. ಹೊಸ ನೀರಿನ ಯೋಜನೆಗೆ ಹಣವಿಡುವ ದಿನವೇ ಆ ನೀರು ಹೊರಹೋಗುವ ದಾರಿಗೂ ಹಣವಿಡಬೇಕು.

ಮುಂದಿನ ಪರಿಷೆಗೆ ಹೋದಾಗ ಕಡಲೆಕಾಯಿ ಕೊಳ್ಳುವ ಮೊದಲು ಒಂದು ಗಳಿಗೆ ಆ ಬಸವನ ಮುಂದೆ ನಿಲ್ಲೋಣ. ಅವನ ಪಾದದಲ್ಲಿ ಹುಟ್ಟಿದವಳನ್ನು ಇಷ್ಟು ದಿನ ಮೋರಿಯೆಂದು ಕರೆದವರು ನಾವೇ. ಹಳೆಯ ಹೆಸರನ್ನು ಅವಳಿಗೆ ಹಿಂದಿರುಗಿಸಬೇಕಾದವರೂ ನಾವೇ ಅಲ್ಲವೆ?